ಜನವರಿ 1ಕ್ಕೆ ಶುರು, ಯುಗಾದಿಗೆ ತೀರ್ಮಾನ: ವರ್ಷವನ್ನು ತಿರುಗಿ ನೋಡಿ ಒಂದು ಸಣ್ಣ ಬದಲಾವಣೆ ಮಾಡಿಕೊಳ್ಳುವುದು ಹೇಗೆ

ನಮ್ಮ ಅಡುಗೆಮನೆ ಬಾಗಿಲ ಪಕ್ಕ ಒಂದು ಮೊಳೆ ಇದೆ. ಡಿಸೆಂಬರ್ ಕೊನೆಯ ವಾರ ಅದರಲ್ಲಿ ಎರಡು ಕ್ಯಾಲೆಂಡರ್ ನೇತಾಡುತ್ತಿರುತ್ತವೆ. ಹಿಂದೆ ಹೊಸದು, ಮುಂದೆ ಹಳೆಯದು. ಕೆಲವು ವರ್ಷಗಳ ಹಿಂದೆ ಹಳೆಯದನ್ನು ಕಿತ್ತು ರದ್ದಿಗೆ ಹಾಕಲು ಹೋದೆ. ಅಮ್ಮ ಒಳಗಿಂದಲೇ ಕೂಗಿದರು: "ಅದನ್ನ ಮುಟ್ಬೇಡ, ಹಾಲಿನ ಲೆಕ್ಕ ಇನ್ನೂ ಆಗಿಲ್ಲ!"

ಲೆಕ್ಕ ಮಾಡಲು ನಾನೇ ಕೂತೆ. ಹಾಲು ಬೇಡ ಅಂದ ದಿನ ಸೊನ್ನೆ, ಜಾಸ್ತಿ ತಗೊಂಡ ದಿನ ಒಂದು ಗೀಟು, ಹೊಸ ಸಿಲಿಂಡರ್ ಹಾಕಿದ ದಿನ 'ಗ್ಯಾ', ಮನೆಗೆಲಸದವರು ರಜೆ ಹಾಕಿದ ದಿನ ಇಂಟು ಮಾರ್ಕು. ಮಧ್ಯೆ ಮದುವೆ, ತಿಥಿ, ಅಪ್ಪನ ಬಿಪಿ ಚೆಕಪ್. ತಿರುವುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಜೂನ್ ತನಕ ಒಂದು ಸಿಲಿಂಡರ್ 40 ದಿನ ಬರುತ್ತಿತ್ತು. ಆಮೇಲೆ 30 ದಿನಕ್ಕೇ ಮುಗಿಯುತ್ತಿತ್ತು. ಯಾಕೆ ಅಂದರೆ ಮಳೆಗಾಲದಲ್ಲಿ ಮಹಡಿ ಮೇಲಿನ ಸೋಲಾರ್ ಕೆಟ್ಟಿತ್ತು. ಸ್ನಾನದ ನೀರು ಒಲೆ ಮೇಲೆ ಕಾಯುತ್ತಿತ್ತು. "ಮುಂದಿನ ವಾರ ರಿಪೇರಿ ಮಾಡಿಸ್ತೀನಿ" ಅಂದಿದ್ದೆ. ಆರು ತಿಂಗಳಾಗಿತ್ತು.

ಆ ವರ್ಷದ ನನ್ನ ರೆಸಲ್ಯೂಶನ್ ಪಟ್ಟಿಯಲ್ಲಿ ಯೋಗ ಇತ್ತು, ಧ್ಯಾನ ಇತ್ತು, ವಾರಕ್ಕೊಂದು ಪುಸ್ತಕ ಇತ್ತು. ಸೋಲಾರ್ ಇರಲಿಲ್ಲ.

ಅಲ್ಲಿಂದ ನಾನು ವರ್ಷದ ಕೊನೆಗೆ ಮೊದಲು ನಡೆದದ್ದನ್ನು ನೋಡುತ್ತೇನೆ. ಏನು ಬದಲಾಯಿಸಬೇಕು ಅನ್ನೋದು ಆಮೇಲೆ. ಆ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಒಂದು ಮಾತು: ನಮಗೆ ಎರಡು ಹೊಸ ವರ್ಷ ಇದೆ

ಜನವರಿ 1 ಇದೆ, ಯುಗಾದಿಯೂ ಇದೆ. ಯಾವುದು "ನಿಜವಾದ" ಹೊಸ ವರ್ಷ ಅಂತ ಪ್ರತಿ ವರ್ಷ ವಾಟ್ಸಾಪ್‌ನಲ್ಲಿ ಜಗಳ ಆಗುತ್ತೆ. ನನ್ನ ಕೇಳಿದರೆ ಎರಡನ್ನೂ ಇಟ್ಟುಕೊಳ್ಳಿ, ಮಧ್ಯದ ದಿನಗಳನ್ನು ಬಳಸಿಕೊಳ್ಳಿ.

2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು. 2025ರಲ್ಲಿ ಮಾರ್ಚ್ 30. 2026ರಲ್ಲಿ ಮಾರ್ಚ್ 19. ಜನವರಿ 1ರಿಂದ ಎಣಿಸಿದರೆ 99 ದಿನ, 88 ದಿನ, 77 ದಿನ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪ ಲ್ಯಾಲಿ ಮತ್ತು ಅವರ ಜೊತೆಗಾರರು 96 ಜನರ ಮೇಲೆ ಒಂದು ಅಧ್ಯಯನ ಮಾಡಿದ್ದರು. ಒಂದು ಹೊಸ ಕೆಲಸ ಯೋಚನೆ ಇಲ್ಲದೆ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರ ಅಂದಾಜು 254 ದಿನದವರೆಗೂ ಹೋಯಿತು. 21 ದಿನಕ್ಕೆ ಅಭ್ಯಾಸ ಕೂರುತ್ತೆ ಅಂತ ಎಲ್ಲರೂ ಹೇಳುವ ಮಾತನ್ನು ಅಷ್ಟು ನಂಬಬೇಡಿ.

ಲೆಕ್ಕ ಹಾಕಿ ನೋಡಿ. ಜನವರಿ 1ರಿಂದ ಯುಗಾದಿವರೆಗಿನ ಸಮಯ ಆ 66 ದಿನಕ್ಕೆ ಸ್ವಲ್ಪ ಮೇಲೆಯೇ ಇದೆ. ಹಾಗಾಗಿ ಜನವರಿ 1ಕ್ಕೆ ಪ್ರತಿಜ್ಞೆ ಬೇಡ. ಸುಮ್ನೆ ಪ್ರಯೋಗ ಶುರು ಮಾಡಿ. ಮುಂದುವರಿಸಬೇಕಾ ಬಿಡಬೇಕಾ ಅನ್ನೋ ತೀರ್ಮಾನ ಯುಗಾದಿಗೆ.

ಹಂತ 1: ಒಂದು ಭಾನುವಾರ, ಎರಡು ಗಂಟೆ

ಡಿಸೆಂಬರ್ 31ರ ರಾತ್ರಿ ಇದಕ್ಕೆ ಆಗಿಬರಲ್ಲ. ಮನೆಯಲ್ಲಿ ಕೇಕ್ ಇರುತ್ತೆ, ಟಿವಿ ಇರುತ್ತೆ, ಸ್ವಲ್ಪ ಭಾವುಕತೆಯೂ ಇರುತ್ತೆ. ಭಾವುಕರಾಗಿದ್ದಾಗ ಬರೆದ ಪಟ್ಟಿ ಉದ್ದ ಆಗುತ್ತೆ. ಕೊನೆಯ ವಾರದ ಒಂದು ಭಾನುವಾರ ಬೆಳಿಗ್ಗೆ, ತಿಂಡಿ ಆದ ಮೇಲೆ ಕೂತುಕೊಳ್ಳಿ.

ಗೋಡೆಯ ಕ್ಯಾಲೆಂಡರ್, ಬ್ಯಾಂಕಿನ ಸ್ಟೇಟ್‌ಮೆಂಟ್, ಹನ್ನೆರಡು ತಿಂಗಳ ಕರೆಂಟ್ ಬಿಲ್, ಆಸ್ಪತ್ರೆಯ ಫೈಲು, ಫೋನು, ಮತ್ತು ಒಂದು ಹಾಳೆ ಎದುರಿಗೆ ಇಟ್ಟುಕೊಳ್ಳಿ. ಡೈರಿ ಬರೆಯುವವರಾದರೆ ಡೈರಿ. ಬರೆಯದಿದ್ದರೂ ಚಿಂತೆ ಇಲ್ಲ, ನಾವು ಬರೆಯದಿದ್ದರೂ ನಮ್ಮ ವರ್ಷ ಎಲ್ಲೆಲ್ಲೋ ದಾಖಲಾಗಿರುತ್ತೆ. ಊರು ಬಿಟ್ಟು ದೂರ ಇರುವವರ ಮನೆಯಲ್ಲಿ ಗೋಡೆ ಕ್ಯಾಲೆಂಡರ್ ಇಲ್ಲದೆ ಇರಬಹುದು. ಅವರಿಗೆ ಫೋನಿನ ಕ್ಯಾಲೆಂಡರ್ ಮತ್ತು ಟಿಕೆಟ್ ಬುಕಿಂಗ್ ಮೆಸೇಜುಗಳು ಅದೇ ಕೆಲಸ ಮಾಡುತ್ತವೆ.

ಹಂತ 2: ತಿಂಗಳಿಗೆ ಮೂರು ಸಾಲು, ಅಭಿಪ್ರಾಯ ಇಲ್ಲದೆ

ಹಾಳೆಯಲ್ಲಿ ಜನವರಿಯಿಂದ ಡಿಸೆಂಬರ್ ತನಕ ಹೆಸರು ಬರೆದು, ಪ್ರತಿ ತಿಂಗಳ ಎದುರು ನಡೆದದ್ದನ್ನು ಮಾತ್ರ ಬರೆಯಿರಿ. "ಮಾರ್ಚ್: ಮಗಳ ಪರೀಕ್ಷೆ. ಅತ್ತೆಗೆ ಕಣ್ಣಿನ ಆಪರೇಷನ್. ಬೈಕ್ ಸರ್ವಿಸ್." ಅಷ್ಟೇ. "ಮಾರ್ಚ್ ಬಹಳ ಕಷ್ಟ ಆಯ್ತು" ಅಂತ ಬರೆಯಬೇಡಿ. ಕಷ್ಟ ಯಾಕೆ ಅನ್ನೋದು ಆ ಮೂರು ಸಾಲಲ್ಲೇ ಕಾಣುತ್ತೆ.

ದಾಖಲೆ ನೋಡಿ ಬರೆಯಿರಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನೆನಪು ಮೋಸ ಮಾಡುತ್ತೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಜೊತೆಗಾರರ ಪ್ರಯೋಗಗಳಲ್ಲಿ ಕಂಡದ್ದು ಇದು: ಒಂದು ಅನುಭವವನ್ನು ಆಮೇಲೆ ಅಳೆಯುವಾಗ ಜನ ಅದರ ಅತಿ ತೀವ್ರವಾದ ಗಳಿಗೆ ಮತ್ತು ಕೊನೆ, ಇವೆರಡಕ್ಕೇ ಜಾಸ್ತಿ ತೂಕ ಕೊಡುತ್ತಾರೆ. ಅದು ಎಷ್ಟು ಹೊತ್ತು ನಡೆಯಿತು ಅನ್ನೋದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ವರ್ಷಕ್ಕೂ ಹೀಗೇ ಆಗುತ್ತೆ ಅನ್ನೋದು ನನ್ನ ಅನುಭವ. ಡಿಸೆಂಬರಿನಲ್ಲಿ ಆಫೀಸಲ್ಲಿ ಒಂದು ಜಗಳ ಆಗಿದ್ದರೆ ಇಡೀ ವರ್ಷವೇ ಹಾಳು ಅನ್ನಿಸುತ್ತೆ. ಹನ್ನೊಂದು ತಿಂಗಳು ಚೆನ್ನಾಗಿದ್ದದ್ದು ಲೆಕ್ಕಕ್ಕೇ ಇಲ್ಲ.

ಮನೆಯವರನ್ನೂ ಕರೆಯಿರಿ. ನನಗೆ ನೆನಪೇ ಇಲ್ಲದ್ದು ಅಮ್ಮನಿಗೆ ತಾರೀಖು ಸಮೇತ ನೆನಪಿರುತ್ತೆ. ಮಕ್ಕಳಿಗೆ ನೆನಪಿರುವುದು ಬೇರೆಯೇ. ನಾನು ಇಡೀ ಮೇ ತಿಂಗಳ ಬಗ್ಗೆ "ಊರಿಗೆ ಹೋಗಿದ್ದು" ಅಂತ ಬರೆದಿದ್ದೆ. ಅಕ್ಕನ ಮಗ "ಬಾವಿಗೆ ಬಕೆಟ್ ಬಿದ್ದಿದ್ದು" ಅಂತ ಸೇರಿಸಿದ. ಈಗ ಆ ಹಾಳೆ ನೋಡಿದಾಗ ಮೊದಲು ನೆನಪಾಗುವುದು ಬಕೆಟ್ಟೇ.

ಹಂತ 3: ಫೋನಿನ ಗ್ಯಾಲರಿ

ತಿಂಗಳವಾರು ನೋಡಿ. ಫೋಟೋ ಜಾಸ್ತಿ ಇರುವ ತಿಂಗಳು ಯಾವುದು ಅಂತ ಗೊತ್ತಾಗುತ್ತೆ. ಅದಕ್ಕಿಂತ ಮುಖ್ಯ, ಯಾರ ಫೋಟೋ ಇಲ್ಲ ಅನ್ನೋದು. ಒಂದು ವರ್ಷ ನನ್ನ ಫೋನಲ್ಲಿ ದೋಸೆಯ ಫೋಟೋ ಹದಿನೇಳು ಇತ್ತು. ಅಪ್ಪನದು ನಾಲ್ಕು, ಅದರಲ್ಲಿ ಎರಡು ಆಸ್ಪತ್ರೆ ಫಾರ್ಮಿಗೆ ತೆಗೆದದ್ದು.

ಸ್ಕ್ರೀನ್‌ಶಾಟ್ ಫೋಲ್ಡರನ್ನೂ ಬಿಡಬೇಡಿ. ಮಾಡಬೇಕು ಅಂದುಕೊಂಡು ಮಾಡದೆ ಬಿಟ್ಟದ್ದೆಲ್ಲ ಅಲ್ಲಿ ಇರುತ್ತೆ: ಮಾಡದ ಅಡುಗೆ, ಹೋಗದ ಜಾಗ, ಸೇರದ ಕೋರ್ಸು. ಮೂರು ಸಲ ಒಂದೇ ವಿಷಯದ ಸ್ಕ್ರೀನ್‌ಶಾಟ್ ಇದ್ದರೆ ಅದನ್ನು ಹಾಳೆಯ ಅಂಚಿನಲ್ಲಿ ಗುರುತು ಹಾಕಿ. ಉಳಿದದ್ದನ್ನು ಅಳಿಸಿ. ಫೋನೂ ಹಗುರ.

ಹಂತ 4: ನಿಮ್ಮದೇ ಆಯ-ವ್ಯಯ

ಯುಗಾದಿ ದಿನ ಪಂಚಾಂಗ ಓದುವಾಗ ಒಂದೊಂದು ರಾಶಿಗೂ ಆಯ ಎಷ್ಟು, ವ್ಯಯ ಎಷ್ಟು ಅಂತ ಹೇಳುತ್ತಾರೆ. ನಮ್ಮ ರಾಶಿಗೆ ವ್ಯಯ ಜಾಸ್ತಿ ಬಂದರೆ ಮುಖ ಸಣ್ಣಗಾಗುತ್ತೆ. ಬರುವ ವರ್ಷದ್ದು ಪಂಚಾಂಗಕ್ಕೆ ಬಿಡಿ. ಕಳೆದ ವರ್ಷದ್ದನ್ನು ನಾವೇ ಬರೆಯಬಹುದು.

ಬಾಡಿಗೆ, ಇಎಂಐ, ಶಾಲೆ ಫೀಸು ಇವನ್ನು ನೋಡುತ್ತಾ ಕೂರಬೇಡಿ. ಅವು ನಿಮಗೆ ಗೊತ್ತಿರುವವೇ. ನೋಡಬೇಕಾದ್ದು ಮೂರು ಕಡೆ.

ಒಂದು, 200 ರೂಪಾಯಿ ಒಳಗಿನ ಯುಪಿಐ ಪಾವತಿಗಳು. ಯಾವುದಾದರೂ ಒಂದೇ ತಿಂಗಳು ತೆಗೆದುಕೊಂಡು ಕೂಡಿ. ದಿನಕ್ಕೆ 40 ರೂಪಾಯಿಯ ಒಂದು ಖರ್ಚು ವರ್ಷಕ್ಕೆ 14,600 ಆಗುತ್ತೆ. ಅದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಸಂಜೆ ಸ್ನೇಹಿತರ ಜೊತೆ ಕುಡಿಯುವ ಬೈಟು ಕಾಫಿಯನ್ನು ಉಳಿತಾಯದ ಹೆಸರಲ್ಲಿ ಬಿಟ್ಟು ಜನ ಸಪ್ಪಗಾಗಿದ್ದನ್ನು ನೋಡಿದ್ದೇನೆ. ಖುಷಿಯೂ ಕೊಡದೆ ಸುಮ್ನೆ ಹೋಗುತ್ತಿರುವ ದುಡ್ಡು ಯಾವುದು ಅಂತ ಹುಡುಕಿ.

ಎರಡು, ತಾನಾಗಿ ಕಟ್ ಆಗುವವು. ಯುಪಿಐ ಆ್ಯಪಿನಲ್ಲಿ ಆಟೋಪೇ ಅಂತ ಒಂದು ಜಾಗ ಇರುತ್ತೆ, ಅದನ್ನು ತೆರೆಯಿರಿ. ನೋಡದ ಓಟಿಟಿ, ಬಳಸದ ಆ್ಯಪು ಅಲ್ಲಿ ಸಿಗುತ್ತವೆ. ಆದರೆ ಕಂಡದ್ದನ್ನೆಲ್ಲ ರದ್ದು ಮಾಡಬೇಡಿ. ಸ್ಟೇಟ್‌ಮೆಂಟಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಹೋಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ ಇರಬಹುದು. 20 ರೂಪಾಯಿ ಆದರೆ ಸುರಕ್ಷಾ ಅಪಘಾತ ವಿಮೆ. ಎರಡಕ್ಕೂ ಜೂನ್ 1ರಿಂದ ಮೇ 31 ಅವಧಿ, ತಲಾ 2 ಲಕ್ಷ ರೂಪಾಯಿ ವಿಮೆ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಕಟ್ ಆಗದಿದ್ದರೆ ವಿಮೆ ನಿಂತುಹೋಗುತ್ತೆ. ಅದು ಗೊತ್ತೇ ಆಗದೆ ವರ್ಷ ಕಳೆದಿರುತ್ತೆ. ವಿಮೆ ಇದೆಯಾ ಇಲ್ವಾ ನೋಡಿಕೊಳ್ಳಿ, ನಾಮಿನಿ ಹೆಸರನ್ನೂ ನೋಡಿಕೊಳ್ಳಿ. ಮದುವೆಗೆ ಮುಂಚೆ ಮಾಡಿಸಿದ ಖಾತೆಗಳಲ್ಲಿ ಇನ್ನೂ ಅಮ್ಮನ ಹೆಸರೇ ಇರುವುದು ತುಂಬಾ ಮನೆಗಳ ಕತೆ.

ಮೂರು, ಕರೆಂಟ್ ಬಿಲ್ಲು. ಗೃಹಜ್ಯೋತಿ ಬಂದ ಮೇಲೆ ತುಂಬಾ ಜನ ಬಿಲ್ ನೋಡುವುದನ್ನೇ ಬಿಟ್ಟಿದ್ದಾರೆ. ಆದರೆ 200 ಯೂನಿಟ್ ಎಲ್ಲರಿಗೂ ಉಚಿತ ಅಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ 2023ರಲ್ಲಿ ಶುರುವಾದಾಗ ಅದಕ್ಕೆ ಶೇ 10 ಸೇರಿಸಿ ಲೆಕ್ಕ ಕಟ್ಟಿ ಕೊಟ್ಟ ಯೋಜನೆ ಅದು. ಆ ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲೇ ನಮ್ಮದು. ಹನ್ನೆರಡು ಬಿಲ್ಲಿನ ಯೂನಿಟ್ ಸಾಲಾಗಿ ಬರೆದುಕೊಂಡರೆ ಯಾವ ತಿಂಗಳು ಏರಿತು ಅನ್ನೋದು ಕಾಣುತ್ತೆ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. ಒಬ್ಬರು ಹಾಕಿ ಮರೆತರೆ ಎಷ್ಟಾಗುತ್ತೆ ಅಂತ ಮನೆಯಲ್ಲಿ ಜಗಳ ಮಾಡದೆ ಲೆಕ್ಕದಲ್ಲೇ ತೋರಿಸಬಹುದು.

ಹಂತ 5: ಬೇವು ಒಂದು ಕಡೆ, ಬೆಲ್ಲ ಒಂದು ಕಡೆ

ಹಾಳೆಯ ಹಿಂಬದಿಯಲ್ಲಿ ಒಂದು ಗೆರೆ ಎಳೆಯಿರಿ. ಎಡಕ್ಕೆ ಬೇವು, ಬಲಕ್ಕೆ ಬೆಲ್ಲ. ಮುಂಬದಿಯಿಂದ ಒಂದೊಂದನ್ನೇ ತೆಗೆದು ಈ ಕಡೆಗೋ ಆ ಕಡೆಗೋ ಹಾಕಿ. ಬೆಲ್ಲದ ಕಡೆ ಮೊದಲು ತುಂಬಿಸಿ. ಇಲ್ಲದಿದ್ದರೆ ಆ ಕಡೆ ಬರೆಯಲು ಮನಸ್ಸೇ ಬರಲ್ಲ.

ಆಮೇಲೆ ಬೇವಿನ ಪಟ್ಟಿಯಲ್ಲಿ ನಿಮ್ಮ ಕೈಯಲ್ಲಿ ಇಲ್ಲದ್ದನ್ನೆಲ್ಲ ಹೊಡೆದು ಹಾಕಿ. ಮನೆಯಲ್ಲಿ ಆದ ಸಾವು, ಬಾರದ ಮಳೆ, ಬೇರೆಯವರಿಗೆ ಹೋದ ಪ್ರಮೋಷನ್. ಇವಕ್ಕೆ ರೆಸಲ್ಯೂಶನ್ ಮಾಡಲು ಆಗಲ್ಲ. ಇಲ್ಲೇ ತುಂಬಾ ಜನ ತಪ್ಪುತ್ತಾರೆ ಅಂತ ನನಗೆ ಅನ್ನಿಸುತ್ತೆ. ದುಃಖ ಒಂದು ಕಡೆ ಇರುತ್ತೆ, ಅದಕ್ಕೆ ಪರಿಹಾರ ಅಂತ ತೂಕ ಇಳಿಸಲು ಹೊರಡುತ್ತಾರೆ. ಬೇವು ಅಂದರೆ ಬೇವೇ, ಬೆಲ್ಲದ ಜೊತೆ ನುಂಗಬೇಕು ಅಷ್ಟೇ.

ಹೊಡೆದು ಹಾಕಿದ ಮೇಲೆ ನಾಲ್ಕೋ ಐದೋ ಉಳಿಯುತ್ತವೆ. ಅವುಗಳಲ್ಲಿ ಎರಡಾದರೂ ಒಂದೇ ಸಲ ಮಾಡಿ ಮುಗಿಸುವ ಕೆಲಸ ಆಗಿರುತ್ತೆ, ನಮ್ಮ ಸೋಲಾರ್ ಥರ. ಅದಕ್ಕೆ ಅಭ್ಯಾಸ ಬೇಡ, ಒಂದು ಫೋನ್ ಸಾಕು. ಅವತ್ತೇ, ಆ ಹಾಳೆ ಎದುರಿಗಿರುವಾಗಲೇ ಫೋನ್ ಮಾಡಿ.

ಹಂತ 6: ಒಂದನ್ನು ಆರಿಸಿ, ನಾಚಿಕೆ ಆಗುವಷ್ಟು ಸಣ್ಣದು ಮಾಡಿ

ಹಳೇ ಮೈಸೂರು ಕಡೆ ಯುಗಾದಿಗೆ ಹೊನ್ನಾರು ಕಟ್ಟುತ್ತಾರೆ. ಎತ್ತಿನ ಮೈ ತೊಳೆದು, ನೇಗಿಲಿಗೆ ಪೂಜೆ ಮಾಡಿ, ಹೊಲಕ್ಕೆ ಹೋಗಿ ವರ್ಷದ ಮೊದಲ ಉಳುಮೆ. ಅವತ್ತು ಯಾರೂ ಇಡೀ ಹೊಲ ಉಳುವುದಿಲ್ಲ. ಕೆಲವು ಸಾಲು ಹೊಡೆದು ವಾಪಸ್ ಬಂದು ಒಬ್ಬಟ್ಟು ತಿನ್ನುತ್ತಾರೆ. ಹೊಸ ವರ್ಷದ ಬದಲಾವಣೆಯ ಅಳತೆ ಅಷ್ಟೇ ಇರಬೇಕು.

ನಾನು ಇದನ್ನು ದುಡ್ಡು ಕೊಟ್ಟು ಕಲಿತೆ. ಒಂದು ಜನವರಿಯಲ್ಲಿ ಜಿಮ್ಮಿಗೆ ಇಡೀ ವರ್ಷದ ಫೀಸು ಕಟ್ಟಿದ್ದೆ. ಹೋಗಿದ್ದು ಹನ್ನೊಂದು ದಿನ. ತಪ್ಪು ಜಿಮ್ಮಿನದಲ್ಲ. ಬೆಳಿಗ್ಗೆ ಐದೂವರೆಗೆ ಏಳುವುದು, ಬಟ್ಟೆ ಬದಲಿಸುವುದು, ಗಾಡಿ ತೆಗೆಯುವುದು, ಮಾಡುವುದು, ಬಂದು ಸ್ನಾನ, ಆಫೀಸು. ಒಂದು ಬದಲಾವಣೆ ಅಂದುಕೊಂಡಿದ್ದೆ. ಅದರೊಳಗೆ ಆರು ಬದಲಾವಣೆ ಇತ್ತು.

ಈಗ ನನ್ನ ನಿಯಮ: ಜ್ವರ ಬಂದ ದಿನವೂ, ನೆಂಟರು ಬಂದ ದಿನವೂ ಮಾಡಲು ಆಗಬೇಕು. ಆಗಲ್ಲ ಅಂದರೆ ಇನ್ನೂ ಸಣ್ಣದು ಮಾಡಬೇಕು. "ದಿನಾ ವಾಕಿಂಗ್" ಅನ್ನೋದು "ಚಪ್ಪಲಿ ಹಾಕಿಕೊಂಡು ಬೀದಿ ಕೊನೆಯ ಅಂಗಡಿ ತನಕ" ಆಗುತ್ತೆ. "ಪುಸ್ತಕ ಓದಬೇಕು" ಅನ್ನೋದು "ಒಂದು ಪುಟ". "ಅಪ್ಪ ಅಮ್ಮನ ಜೊತೆ ಜಾಸ್ತಿ ಮಾತಾಡಬೇಕು" ಅನ್ನೋದು "ಬುಧವಾರ ರಾತ್ರಿ ಒಂದು ಫೋನ್". ಕೇಳಿದವರು ನಕ್ಕರೆ ಅಳತೆ ಸರಿ ಇದೆ ಅಂತ ಅರ್ಥ. ಬೀದಿ ಕೊನೆ ತನಕ ಹೋದವರು ಸಾಮಾನ್ಯವಾಗಿ ಇನ್ನೊಂದು ಬೀದಿ ನಡೆದೇ ಬರುತ್ತಾರೆ.

ಹಂತ 7: "ಆದ ಮೇಲೆ" ಸೇರಿಸಿ

ಬದಲಾವಣೆ ಯಾವಾಗ, ಎಲ್ಲಿ ಅನ್ನೋದು ಬರೆದಿರದಿದ್ದರೆ ಅದು ಆಸೆ ಅಷ್ಟೇ. ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ ಇದರ ಮೇಲೆ 1990ರ ದಶಕದಿಂದ ಕೆಲಸ ಮಾಡಿದ್ದಾರೆ. "ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ" ಅಂತ ಮೊದಲೇ ಗೊತ್ತುಮಾಡಿಕೊಂಡವರು, ಬರೀ "ಮಾಡುತ್ತೇನೆ" ಅಂದವರಿಗಿಂತ ಜಾಸ್ತಿ ಮಾಡಿ ಮುಗಿಸುತ್ತಾರೆ ಅಂತ ಅವರ ಪ್ರಯೋಗಗಳು ತೋರಿಸಿದವು. ನಮ್ಮ ಮಾತಿನಲ್ಲಿ ಇದಕ್ಕೆ "ಆದ ಮೇಲೆ" ಸಾಕು.

ಸಂಜೆ ಕಾಫಿ ಕುಡಿದು ಲೋಟ ಸಿಂಕಿಗೆ ಹಾಕಿದ ಮೇಲೆ, ಚಪ್ಪಲಿ ಹಾಕುತ್ತೇನೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ, ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಇಟ್ಟು ಮಲಗಲು ಹೋಗುತ್ತೇನೆ. ಸಂಬಳ ಬಂದ ಮೆಸೇಜ್ ನೋಡಿದ ಮೇಲೆ, 500 ರೂಪಾಯಿ ಆರ್‌ಡಿಗೆ ಹಾಕುತ್ತೇನೆ.

ಮೊದಲ ಭಾಗ ನೀವು ಈಗಾಗಲೇ ತಪ್ಪದೆ ಮಾಡುವ ಕೆಲಸ ಆಗಿರಬೇಕು. "ಬೆಳಿಗ್ಗೆ ಬೇಗ ಎದ್ದ ಮೇಲೆ" ಅಂತ ಬರೆದರೆ, ಬೇಗ ಏಳುವುದೇ ಇನ್ನೊಂದು ರೆಸಲ್ಯೂಶನ್ ಆಯ್ತು ಅಲ್ವಾ?

ಜೊತೆಗೆ ವಸ್ತುವಿನ ಜಾಗ ಬದಲಿಸಿ. ಮನಸ್ಸು ಬದಲಿಸುವುದಕ್ಕಿಂತ ಇದು ಸುಲಭ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚದ ಒಳಗೆ, ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅಪ್ಪನಿಗೆ ಇದನ್ನು ಡಾಕ್ಟರೂ ಹೇಳಿದ್ದರು, ನಾವೂ ಹೇಳುತ್ತಿದ್ದೆವು. ಏನೂ ಆಗಲಿಲ್ಲ. ಕೊನೆಗೆ ಅಮ್ಮ ಉಪ್ಪಿನಕಾಯಿ ಭರಣಿಯನ್ನು ಊಟದ ಮೇಜಿನಿಂದ ಎತ್ತಿ ಒಳಗಿನ ಕಪಾಟಿಗೆ ಇಟ್ಟರು. ಕೇಳಿದರೆ ಕೊಡುತ್ತಿದ್ದರು, ಇಲ್ಲ ಅನ್ನುತ್ತಿರಲಿಲ್ಲ. ಅಪ್ಪ ಮೊದಲ ವಾರ ದಿನಾ ಕೇಳಿದರು. ಫೆಬ್ರವರಿ ಹೊತ್ತಿಗೆ ಮೊಸರನ್ನಕ್ಕೆ ಮಾತ್ರ ಕೇಳುತ್ತಿದ್ದರು.

ಬೇರೆಯವರ ಅಭ್ಯಾಸ ಬದಲಿಸಲು ನನಗೆ ಗೊತ್ತಿರುವ ದಾರಿ ಅದೊಂದೇ. "ಈ ವರ್ಷ ನೀನು ಮೊಬೈಲ್ ಕಡಿಮೆ ಮಾಡು" ಅಂತ ಗಂಡ, ಹೆಂಡತಿ, ಮಕ್ಕಳ ಹೆಸರಲ್ಲಿ ಪಟ್ಟಿ ಬರೆಯಬೇಡಿ. ಅವರ ಹಾಳೆ ಅವರದು.

ಹಂತ 8: ಹಬ್ಬದಿಂದ ಹಬ್ಬಕ್ಕೆ

ಮಾಡಿದ ದಿನ ಹೊಸ ಕ್ಯಾಲೆಂಡರಿನಲ್ಲಿ ಒಂದು ಚುಕ್ಕಿ. ಹಾಲಿನ ಗೀಟಿನ ಪಕ್ಕದಲ್ಲೇ ಇರಲಿ. ಆ್ಯಪುಗಳೂ ಇವೆ, ನನಗೆ ಒಗ್ಗಲಿಲ್ಲ. ಚುಕ್ಕಿ ಹಾಕಲು ಫೋನ್ ತೆಗೆದರೆ ಅರ್ಧ ಗಂಟೆ ಬೇರೆ ಎಲ್ಲೋ ಹೋಗಿರುತ್ತೇನೆ.

ಒಂದು ದಿನ ತಪ್ಪಿದರೆ ಮತ್ತೆ ಮೊದಲಿಂದ ಎಣಿಸಬೇಡಿ. ಒಂದು ದಿನ ತಪ್ಪುವುದರಿಂದ ಅಭ್ಯಾಸ ಕೂರುವುದಕ್ಕೆ ದೊಡ್ಡ ತೊಂದರೆ ಆಗಲಿಲ್ಲ ಅಂತಲೂ ಲ್ಯಾಲಿ ಅವರ ಅಧ್ಯಯನ ಹೇಳಿತ್ತು.

ಸಂಕ್ರಾಂತಿ ಮೊದಲ ತಪಾಸಣೆ. ಎರಡು ವಾರ ಆಗಿರುತ್ತೆ. ಎಳ್ಳುಬೆಲ್ಲ ಹಂಚಿ ಬಂದ ಮೇಲೆ ಚುಕ್ಕಿ ಎಣಿಸಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಬೈದುಕೊಳ್ಳದೆ, ಮಾಡಬೇಕಾದ್ದನ್ನು ಇನ್ನೂ ಅರ್ಧ ಮಾಡಿ, ಅಥವಾ "ಆದ ಮೇಲೆ"ಯ ಹೊತ್ತು ಬದಲಿಸಿ. ಶಿವರಾತ್ರಿ ಎರಡನೆಯದು. ಆಗ ಸಾಮಾನ್ಯವಾಗಿ ಬೇಜಾರು ಬಂದಿರುತ್ತೆ, ಹೊಸತನ ಹೋಗಿರುತ್ತೆ. ನನ್ನ ಹೆಚ್ಚಿನ ಪ್ರಯೋಗಗಳು ಈ ಎರಡು ಹಬ್ಬದ ಮಧ್ಯೆಯೇ ಸತ್ತಿವೆ. ಅದಕ್ಕೇ ಆ ಹೊತ್ತಲ್ಲಿ ಬೇರೆ ಏನನ್ನೂ ಹೊಸದಾಗಿ ಸೇರಿಸುವುದಿಲ್ಲ. ಚೆನ್ನಾಗಿ ನಡೆಯುತ್ತಿದ್ದರೂ ಸೇರಿಸುವುದಿಲ್ಲ.

ಹಂತ 9: ಯುಗಾದಿ ಮತ್ತು ತೊಡಕು

ಯುಗಾದಿ ದಿನ ಊಟ ಆಗಿ, ಎಲ್ಲರೂ ಹೊಟ್ಟೆ ಭಾರಕ್ಕೆ ಒರಗಿರುವಾಗ ಆ ಹಳೆಯ ಹಾಳೆ ತೆಗೆಯಿರಿ. ಪ್ರಶ್ನೆ ಒಂದೇ: ಇದನ್ನು ನಿಲ್ಲಿಸಿದರೆ ನನಗೆ ಏನಾದರೂ ಕಮ್ಮಿ ಅನ್ನಿಸುತ್ತಾ? ಅನ್ನಿಸಿದರೆ ಇಟ್ಟುಕೊಳ್ಳಿ. ಏನೂ ಅನ್ನಿಸದಿದ್ದರೆ ಬಿಡಿ. ಮೂರು ತಿಂಗಳು ಮಾಡಿ ನೋಡಿ ಬಿಟ್ಟದ್ದು ಸೋಲಲ್ಲ, ಒಂದು ವಿಷಯ ಗೊತ್ತಾಯಿತು. ನಾನು ಬೆಳಿಗ್ಗೆ ಬಿಸಿನೀರಿಗೆ ಜೇನು ಹಾಕಿ ಕುಡಿಯುವುದನ್ನು ಹೀಗೇ ಬಿಟ್ಟೆ. ಬೀದಿ ಕೊನೆಯ ನಡಿಗೆ ಉಳಿಯಿತು.

ಲೆಕ್ಕದ ಕೆಲಸಕ್ಕೂ ಇದು ಒಳ್ಳೆಯ ಹೊತ್ತು. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ಡಿಸೆಂಬರಿನಲ್ಲಿ ಗುರುತು ಹಾಕಿದ ಆಟೋಪೇ, ನಾಮಿನಿ, ವಿಮೆ ಇವುಗಳಲ್ಲಿ ಉಳಿದದ್ದನ್ನು ಮುಗಿಸಿಬಿಡಿ.

ಮಾರನೆಯ ದಿನ ವರ್ಷತೊಡಕು. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಅನ್ನೋದು ನಮ್ಮ ಕಡೆಯ ನಂಬಿಕೆ. ಬೆಳಿಗ್ಗೆಯಿಂದ ಮಟನ್ ಅಂಗಡಿ ಮುಂದೆ ಕ್ಯೂ, ಮಧ್ಯಾಹ್ನ ಮುದ್ದೆ ಸಾರು, ಆಮೇಲೆ ನಿದ್ದೆ. ನಂಬಿಕೆ ನಿಜವಾದರೆ ನನ್ನ ವರ್ಷ ಪೂರ್ತಿ ನಿದ್ದೆಯಲ್ಲೇ ಹೋಗಬೇಕು. ಅದಕ್ಕೇ ಆ ದಿನ ಸಂಜೆ ಕಾಫಿ ಲೋಟ ಸಿಂಕಿಗೆ ಹಾಕಿ ಚಪ್ಪಲಿ ಹಾಕುವುದನ್ನು ಮಾತ್ರ ತಪ್ಪಿಸುವುದಿಲ್ಲ. ಅವತ್ತಿನಿಂದ ಕ್ಯಾಲೆಂಡರಿನಲ್ಲಿ ಅದಕ್ಕೆ ಚುಕ್ಕಿಯನ್ನೂ ಹಾಕುವುದಿಲ್ಲ.

ಹಾಳೆಯನ್ನು ಆಸ್ಪತ್ರೆ ಫೈಲಿನ ಹಿಂದಿನ ಜೇಬಿನಲ್ಲಿ ಇಡಿ. ವರ್ಷದಲ್ಲಿ ಹೇಗೂ ತೆಗೆಯುವ ಫೈಲು ಅದು, ಕಳೆದುಹೋಗಲ್ಲ. ಹಳೆಯ ಕ್ಯಾಲೆಂಡರನ್ನು ಹಾಲಿನ ಲೆಕ್ಕ ಮುಗಿದ ಮೇಲೆ ರದ್ದಿಗೆ ಹಾಕಬಹುದು. ನಮ್ಮ ಮನೆಯಲ್ಲಿ ಮಾತ್ರ ಅಮ್ಮ ಅದರ ಹಿಂಬದಿಯನ್ನು ದಿನಸಿ ಚೀಟಿಗೆ ಅಂತ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಮೊನ್ನೆ ಅಂಗಡಿಗೆ ಒಯ್ದ ಚೀಟಿ ತಿರುಗಿಸಿದರೆ ಹಿಂದೆ ಒಂದು ಆಗಸ್ಟ್ ತಿಂಗಳ ಮೂರನೇ ವಾರ ಇತ್ತು, ಎರಡು ಸೊನ್ನೆ, ಒಂದು 'ಗ್ಯಾ'.